ಶಾಲೆಯ ಭಾಷೆ ಯಾರ ಮನೆಯದು?

ಎಲ್ಲರಿಗೂ ನಮಸ್ಕಾರ. ಖೋಸಾ ಎಲ್ಲಿ, ಅರಬ್ಬಿ ಎಲ್ಲಿ, ಎರಡನ್ನೂ ಯಾಕ್ರೀ ಒಂದೇ ತಕ್ಕಡಿಗೆ ಹಾಕ್ತೀರಿ ಎಂದು ಈಗಷ್ಟೇ ಬಾಗಿಲಲ್ಲಿ ಒಬ್ಬರು ಕೇಳಿದರು. ಸರಿಯಾದ ಪ್ರಶ್ನೆ. ಒಂದು ದಕ್ಷಿಣ ಆಫ್ರಿಕಾದ ಬಂಟು ನುಡಿ, ಇನ್ನೊಂದು ಸೆಮಿಟಿಕ್, ಕುಲದ ನಂಟಿಲ್ಲ. ನಾನು ನೋಡಹೊರಟಿರುವುದು ಇಷ್ಟೇ: ಶಾಲೆಯಲ್ಲಿ ಕಲಿಸುವ ಭಾಷೆ ಯಾರ ಮನೆಯ ಮಾತು?

ಅರಬ್ಬಿಯಲ್ಲಿ ಅದು ಯಾರ ಮನೆಯದೂ ಅಲ್ಲ. ಪತ್ರಿಕೆ, ವಾರ್ತೆಗಳ ಶಿಷ್ಟ ಅರಬ್ಬಿಯಾದ 'ಫುಸ್‌ಹಾ'ದಲ್ಲಿ ಯಾವ ತಾಯಿಯೂ ಮಗುವಿಗೆ ಉಣ್ಣಿಸುವುದಿಲ್ಲ. 'ಈಗ' ಎನ್ನಲು ಕೈರೋದವರು 'ದಿಲ್ವಅತಿ' ಅಂತಾರೆ, ಡಮಾಸ್ಕಸ್‌ನವರು 'ಹಲ್ಲಅ', ಬಾಗ್ದಾದಿನವರು 'ಹಸ್ಸ', ಮೊರಾಕ್ಕೊದವರು 'ದಾಬಾ'. ಬರೆಯುವಾಗ ಮಾತ್ರ ಎಲ್ಲರೂ 'ಅಲ್‌ಆನ್'. ಭಾಷಾವಿಜ್ಞಾನಿ ಚಾರ್ಲ್ಸ್ ಫರ್ಗುಸನ್ 1959ರಲ್ಲಿ ಇಂಥ ಎರಡಂತಸ್ತಿನ ಸ್ಥಿತಿಗೆ 'ಡೈಗ್ಲೋಸಿಯಾ' ಎಂಬ ಹೆಸರನ್ನು ಬಳಕೆಗೆ ತಂದಾಗ ಕೊಟ್ಟ ಉದಾಹರಣೆಗಳಲ್ಲಿ ಅರಬ್ಬಿಯೂ ಒಂದು. ಈಜಿಪ್ಟಿನ ಅಧ್ಯಕ್ಷ ನಾಸರ್ ಫುಸ್‌ಹಾದಲ್ಲಿ ಜಮಾಲ್, ಕೈರೋದ ಬಾಯಲ್ಲಿ ಗಮಾಲ್. ಗಂಟಲಾಳದ 'ಕಾಫ್' ಅಕ್ಷರವಂತೂ ಕೈರೋದಲ್ಲಿ ಬರೀ ಗಂಟಲ ತಡೆ, ಕೊಲ್ಲಿಯಲ್ಲಿ 'ಗ'. ನಮ್ಮ ಕರಾವಳಿಯಿಂದ ದುಡಿಯಲು ಹೋದವರು ಕಿವಿಯಿಂದ ಕಲಿತು ಬರುವುದು ಈ ಆಡುಮಾತನ್ನೇ, ಪುಸ್ತಕದ್ದನ್ನಲ್ಲ.

ಈಗ ಖೋಸಾ. ಇದರ ಸದ್ದುಗಳು ನಮಗೆ ಅಪರಿಚಿತವಲ್ಲ. ಅಯ್ಯೋ ಪಾಪ ಎಂದು ಲೊಚಗುಟ್ಟುತ್ತೇವಲ್ಲ, ಅದು ಅಲ್ಲಿ ಒಂದು ವ್ಯಂಜನ. ಎತ್ತು ಹೊಡೆಯುವಾಗ ದವಡೆಯ ಪಕ್ಕದಿಂದ ಹೊರಡಿಸುವ ಸದ್ದು ಇನ್ನೊಂದು. ಭಾಷೆಯ ಹೆಸರು ಶುರುವಾಗುವುದೇ ಅದರಿಂದ. ನಾವು ಬರೆಯುವ 'ಖೋ' ಒಂದು ಸೋಲಿನ ಒಪ್ಪಿಗೆ. ಬಂಟು ನುಡಿಗೆ ಈ ಸದ್ದುಗಳು ಬಂದದ್ದು ನೆರೆಯ ಖೋಯಿ, ಸಾನ್ ಜನರಿಂದ. ಸೊಸೆಯಾದವಳು ಮಾವನ ಹೆಸರಿನ ಉಚ್ಚಾರವನ್ನೇ ತಪ್ಪಿಸಿ ಬೇರೆ ಪದ ಹುಡುಕುವ 'ಹ್ಲೊನಿಫಾ' ಪದ್ಧತಿಯೂ ಇವು ಹರಡಲು ನೆರವಾಯಿತು ಎಂಬ ವಾದವಿದೆ. ಗಂಡನ ಹೆಸರು ಹೇಳದ ಅಜ್ಜಿಯರನ್ನು ಕಂಡ ನಮಗೆ ಆ ಸೊಸೆಯ ಕಷ್ಟ ಅರ್ಥವಾದೀತು.

1823ರಲ್ಲಿ ಗ್ಲಾಸ್ಗೋ ಮಿಷನರಿಗಳು ದಕ್ಷಿಣ ಆಫ್ರಿಕಾದ ಟ್ಯೂಮೆ ಕಣಿವೆಯಲ್ಲಿ ಅಚ್ಚುಮೊಳೆ ಇಳಿಸಿದರು. ಅದು ಖೋಸಾ ಜನರಲ್ಲೇ ಒಂದು ಗುಂಪಾದ ಙ್ಗಿಕಾ ಜನರ ನೆಲ. ಆ ಮಿಷನರಿಗಳಲ್ಲೊಬ್ಬರಾದ ಜಾನ್ ಬೆನ್ನಿ ಕೇಳಿ ಬರೆದುಕೊಂಡದ್ದು ಅವರ ಮಾತನ್ನು, ಮುಂದೆ ಅದೇ ಶಿಷ್ಟ ಖೋಸಾ ಆಯಿತು. ಮುದ್ರಣಯಂತ್ರ ಹೊತ್ತ ಗಾಡಿ ಇನ್ನಷ್ಟು ದೂರ ಈಶಾನ್ಯಕ್ಕೆ ಹೋಗಿ ನಿಂತಿದ್ದರೆ ಪಠ್ಯಪುಸ್ತಕ ಬೇರೆಯೇ ಇರುತ್ತಿತ್ತೇನೋ! ಅಲ್ಲಿ, ಶಾಲೆಯಲ್ಲಿ ಶಿಷ್ಟ ಖೋಸಾ ಕಲಿಯುವ ಭಾಚಾ ಜನರ ಮನೆಗಳಲ್ಲಿ ನೀರು 'ಅಮಾಂತಿ', ಪುಸ್ತಕದಲ್ಲಿ 'ಅಮಾಂಜಿ'. ಅರಬ್ಬಿ ಮಕ್ಕಳೆಲ್ಲ ಶಿಷ್ಟ ಭಾಷೆಗೆ ಒಂದೇ ಸುಂಕ ಕಟ್ಟುತ್ತಾರೆ. ಖೋಸಾದಲ್ಲಿ ಙ್ಗಿಕಾ ಮಗುವಿಗೆ ಅದು ತಾಯ ಹಾಲಿನೊಂದಿಗೆ ಬಿಟ್ಟಿ ಸಿಗುತ್ತದೆ, ಭಾಚಾ ಮಗು ಮಾತ್ರ 'ನೀರು' ಎಂದು ಬರೆದು ಕೆಂಪು ಗೆರೆ ಹಾಕಿಸಿಕೊಳ್ಳಬೇಕು. ನನಗೆ ಎರಡನೆಯದೇ ಹೆಚ್ಚು ಅನ್ಯಾಯವಾಗಿ ಕಾಣುತ್ತದೆ.

ದಕ್ಷಿಣ ಆಫ್ರಿಕಾದ 1996ರ ಸಂವಿಧಾನ 11 ಅಧಿಕೃತ ಭಾಷೆಗಳನ್ನು ಹೆಸರಿಸಿತು, ಖೋಸಾ ಅದರಲ್ಲಿದೆ. ಅದೇ ಸಂವಿಧಾನ ಹೇಳುವ, ಗೌರವಿಸಬೇಕಾದ ಭಾಷೆಗಳ ಸಾಲಿನಲ್ಲಿ ಅರಬ್ಬಿ ಇದೆ, ಸಂಸ್ಕೃತ ಇದೆ, ತಮಿಳು, ತೆಲುಗೂ ಇವೆ. ಕನ್ನಡ ಇಲ್ಲ, ಇರಲಿ. ಭಾಚಾ ಕೂಡ ಇಲ್ಲ.