ಒಂಬತ್ತಡಿ ಪೇಪರ್, ಮೂರನೇ ಮಹಡಿ, ನಮ್ಮತ್ತೆ

ಸೋಫಾ ಎಲ್ಲಿ ಅಂತ ಕೇಳ್ಬೇಡಿ, ರೂಮಲ್ಲಿದೆ. ಇವತ್ತು ಸಂಜೆ ತನಕ ನಮ್ಮ ಹಾಲೇ ಸ್ಟುಡಿಯೋ. ಮಾವಂದು ಅರವತ್ತರ ಶಾಂತಿ ಇದೆ, ಆಹ್ವಾನಪತ್ರಿಕೆಗೆ ಇಬ್ಬರ ಫೋಟೋನೂ ಬೇಕಂತೆ. ಮಾವ ಇನ್ನೂ ಶೇವಿಂಗ್ ಮಾಡ್ತಿದ್ದಾರೆ. ಮೊದಲು ಅತ್ತೆ.

ಅತ್ತೆ ಹಿಂದೆ ಬ್ಯಾಕ್‌ಗ್ರೌಂಡಿಗೆ ಇಳಿಬಿಟ್ಟಿರೋ ಬೂದು ಪೇಪರ್ ಸುರುಳಿ ಕಾಣ್ತಿದೆಯಲ್ಲ, ಅದರ ಪುರಾಣ ಹೇಳ್ಲೇಬೇಕು. ಅಗಲ 2.72 ಮೀಟರ್, ಉದ್ದ 11 ಮೀಟರ್. ಬರೀ ಕಾಗದ ಕಣ್ರೀ, ಏಳೆಂಟು ಸಾವಿರ! ಕೊರಿಯರ್ ಹುಡುಗ ಗೇಟ್ ಹತ್ರ ಒರಗಿಸಿ, ಓಟಿಪಿ ಇಸ್ಕೊಂಡು ಹೊರಟೇಬಿಟ್ಟ. ಲಿಫ್ಟಲ್ಲಿ ಮೂಲೆಯಿಂದ ಮೂಲೆಗೆ ಓರೆ ಹಿಡಿದ್ರೂ ಬಾಗಿಲು ಮುಚ್ಚಲ್ಲ. ಸರಿ, ಮೆಟ್ಟಿಲು. ತಿರುವಲ್ಲಿ ವಾಚ್‌ಮನ್ ಕೆಳಗಿಂದ "ಎತ್ತಿ ಸಾರ್" ಅಂತಾರೆ, ನಾನು ಮೇಲಿಂದ "ಇಳಿಸಿ" ಅಂತೀನಿ, ಮಧ್ಯದಲ್ಲಿ ಎರಡನೇ ಮಹಡಿಯವರ ತುಳಸಿ ಕುಂಡ. ಕುಂಡ ಉಳೀತು. ಬಿಚ್ಚಿ ನೋಡಿದ್ರೆ ಡಬ್ಬದ ಒಂದು ತುದಿ ದಾರಿಯಲ್ಲೇ ಎಲ್ಲೋ ಜಜ್ಜಿಹೋಗಿದೆ. ಸುರುಳಿ ಅಲ್ವಾ, ಒಂದು ಪೆಟ್ಟು ಬಿದ್ರೆ ಒಳಗಿನ ಪ್ರತಿ ಸುತ್ತಿಗೂ ಬಿದ್ದಂಗೆ. ಈಗ ಎಷ್ಟು ಎಳೆದ್ರೂ ಎಡ ಅಂಚಲ್ಲಿ ಸಾಲಾಗಿ ಮಡಿಕೆ. ವಾಪಸ್ ಕಳಿಸೋಣ ಅಂದ್ರೆ "ಬಿಚ್ಚಿದ ಮಾಲು ತಗೊಳಲ್ಲ". ಬಿಚ್ಚದೆ ಗೊತ್ತಾಗೋದು ಹೇಗಪ್ಪಾ? 1.35 ಮೀಟರಿನ ಅರ್ಧ ಅಗಲದ್ದೂ ಬರುತ್ತೆ, ಒಬ್ಬರೇ ಕೂತ್ರೆ ಅದು ಧಾರಾಳ ಸಾಕು. ಆದ್ರೆ ದಂಪತಿ ಫೋಟೋ ಬೇಕಲ್ಲ.

ಬೂದೇ ಯಾಕೆ ಅಂದ್ರೆ, ಲೈಟ್ ಹತ್ತಿರ ತಂದು ಅತ್ತೇನ ಪೇಪರಿಂದ ದೂರ ಕೂರಿಸಿದ್ರೆ ಹಿಂದುಗಡೆ ಕಪ್ಪಾಗುತ್ತೆ, ಪೇಪರಿಗೇ ಒಂದು ಫ್ಲ್ಯಾಶ್ ಹೊಡೆದ್ರೆ ಬೆಳ್ಳಗಾಗುತ್ತೆ. ಲೈಟಿಂದ ದೂರ ಎರಡರಷ್ಟಾದ್ರೆ ಬೆಳಕು ಕಾಲುಭಾಗ, ಅಷ್ಟೇ ಲೆಕ್ಕ. ಒಂದೇ ಪೇಪರಲ್ಲಿ ಮೂರು ಬಣ್ಣ. ಬಯ್ದಷ್ಟು ಕೆಟ್ಟದ್ದೇನಲ್ಲ ಬಿಡಿ.

ಕ್ಯಾಮೆರಾ ಸೆಟ್ಟಿಂಗ್ ಎಫ್ 8, 1/200, ಐಎಸ್ಒ 100, ಲೆನ್ಸ್ 85 ಎಂಎಂ. ಕನ್ನಡಕದಲ್ಲಿ ಲೈಟಿನ ಮುಂದಿರೋ ಬಿಳಿ ಬಟ್ಟೆ ಡಬ್ಬ, ಅದೇ ಸಾಫ್ಟ್‌ಬಾಕ್ಸ್ ಕಾಣ್ತಿತ್ತು. ಕಿವಿ ಮೇಲಿನ ಕಡ್ಡಿ ಒಂಚೂರು ಎತ್ತಿ ಗಾಜು ಕೆಳಗೆ ವಾಲಿಸಿದೆ, ಹೋಯ್ತು.

ಈಗ ಕಂಪ್ಯೂಟರ್. ಈ ಗದ್ದದ ಕೆಳಗೆ ಜೂಮ್ ಮಾಡ್ತೀನಿ, ನೋಡಿ. ಪಾಚಿ ಕಟ್ಟಿದಂಗೆ ಹಸಿರು! ಗಿಳಿಹಸಿರು ರೇಷ್ಮೆ ಸೀರೆ ಬೆಳಕನ್ನ ಮೇಲಕ್ಕೆ ಎಸೆದಿದೆ. ಅಲ್ಲಿಗೆ ಮಾತ್ರ ತಗಲೋ ಹಾಗೆ ಮಾಸ್ಕ್ ಹಾಕಿ ಹಸಿರು ಇಳಿಸಿದೆ. ಮೂಗುಬೊಟ್ಟಿನ ಹೊಳಪು ಮುಟ್ಟಲ್ಲ.

ಹಿಂದೆ ಸ್ಟುಡಿಯೋಗಳಲ್ಲಿ ಇದನ್ನೆಲ್ಲ ಪೆನ್ಸಿಲ್ಲಲ್ಲಿ ಮಾಡ್ತಿದ್ರು ಗೊತ್ತಾ? ನೆಗೆಟಿವಲ್ಲಿ ಕಪ್ಪು-ಬಿಳುಪು ಉಲ್ಟಾ, ಸುಕ್ಕು ತಿಳಿ ಗೆರೆಯಾಗಿ ಕಾಣುತ್ತೆ. ಅದರ ಮೇಲೆ ಸೂಜಿಮೊನೆಯ ಪೆನ್ಸಿಲ್ಲಲ್ಲಿ ಸಣ್ಣ ಸಣ್ಣ ಗೀರು ತುಂಬಿದ್ರೆ ಪ್ರಿಂಟಲ್ಲಿ ಅದು ತಿಳಿಯಾಗುತ್ತೆ. ಕಂಟ್ರೋಲ್ ಝಡ್ ಇಲ್ಲದ ಕಾಲ! ಚರ್ಮದ ಬಣ್ಣ ಒಂದು ಪದರ, ಸಣ್ಣ ಗೆರೆ-ರಂಧ್ರ ಇನ್ನೊಂದು ಪದರ ಮಾಡಿ ತಿದ್ದೋ ನಮ್ಮ ಫ್ರೀಕ್ವೆನ್ಸಿ ಸೆಪರೇಷನ್ ಅದರ ಮುಂದೆ ಸೋಮಾರಿ ಕೆಲಸ, ಚರ್ಮ ಮೇಣದ ಥರ ಆಗುತ್ತೆ, ನಂಗಾಗಲ್ಲ. ಕಣ್ಣ ಕೆಳಗೆ ಒಂದು ಚೂರು ಹಾಕಿದೀನಿ ಅಷ್ಟೆ. ಅಲ್ಲಿಗೆ ಅದೇ ಸರಿ.

ಮೊಡವೆ ವಾರದಲ್ಲಿ ಹೋಗುತ್ತೆ, ತೆಗೀಬಹುದು. ಮಚ್ಚೆ ಹೋಗಲ್ಲ, ಇರಲಿ. ಸುಕ್ಕು? ಮುಟ್ಟಲ್ಲ ಅಂತ... ಅತ್ತೆ ಹಿಂದೇನೇ ನಿಂತಿದ್ದಾರೆ. ಅರ್ಧ ಇಳಿಸ್ತೀನಿ. "ಸ್ವಲ್ಪ ಬೆಳ್ಳಗೂ ಮಾಡೋ" ಅಂತಾರೆ. ಬೆಳಕು ಬೇಕಾದ್ರೆ ಏರಿಸ್ತೀನಿ ಅತ್ತೆ, ಬಣ್ಣ ಬದಲಾಯಿಸಲ್ಲ. ಮುಖ ಬಿಳಿ ಮಾಡಿ, ಕೈ ಹಂಗೇ ಬಿಟ್ಟಿರೋ ಮದುವೆ ಆಲ್ಬಂಗಳನ್ನ ನೋಡಿ ನೋಡಿ ಸಾಕಾಗಿದೆ. ಆಮೇಲೆ ಅದೇ ಆಲ್ಬಂ ಮಾಡೋ ಫೋಟೋಗ್ರಾಫರ್‌ಗಳು ದಿನಕ್ಕೆ ಇಷ್ಟು ರೇಟು ಅಂತ...

ಅಯ್ಯೋ, ಮಾವ ಬಂದ್ರು. ಹಣೆಗೆ ವಿಭೂತಿ ಅಲ್ಲ, ಕೆನ್ನೆಗೆ ಬ್ಯಾಂಡೇಜ್. ಮಾವ, ಆ ಕಡೆ ತಿರುಗಿ ಕೂತ್ಕೊಳಿ!