ಕುರ್ಚಿಯಲ್ಲಿ ಕೂರುವ ಮುಂಚೆ ಆಡುವ ಮಾತು

ಆಕಾಶವಾಣಿ ಕಾರವಾರದ ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಕುಮಟಾದಲ್ಲಿ 14 ವರ್ಷದಿಂದ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದೇನೆ. ಒಂದು ರೂಮು, ಎರಡು ಕುರ್ಚಿ. ಜೊತೆಗೆ ಕೆಲಸ ಕಲಿಯುತ್ತಾ ಮಾಡುತ್ತಿರುವ ಒಬ್ಬ ಹುಡುಗಿ. ಮುಖಕ್ಕೆ ಏನು ಹಚ್ಚಿದರೆ ಒಳ್ಳೆಯದು, ಕೂದಲು ಉದುರಿದರೆ ಏನು ಮಾಡಬೇಕು ಅಂತ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಇವತ್ತು ಮಾತಾಡುವುದು ಕೆಲಸ ಮುಗಿದ ಮೇಲೆ ನಮ್ಮ ಕೈಗೆ ಬರಬೇಕಾದ ದುಡ್ಡಿನ ಬಗ್ಗೆ.

ಮನೆಯಲ್ಲೇ ಒಂದು ಕೋಣೆ ಬಿಡಿಸಿಕೊಂಡು ಪಾರ್ಲರ್ ಇಟ್ಟ ಹೆಣ್ಣುಮಕ್ಕಳು ಅಂಕೋಲಾ, ಹೊನ್ನಾವರ, ಶಿರಸಿ, ಸಿದ್ದಾಪುರ, ಎಲ್ಲ ಕಡೆ ಇದ್ದೀರಿ. ಥ್ರೆಡ್ಡಿಂಗ್ ಕಲಿಯಲಿಕ್ಕೆ ಕ್ಲಾಸು ಇದೆ, ಮೇಕಪ್ ಕಲಿಯಲಿಕ್ಕೆ ಕ್ಲಾಸು ಇದೆ. ದುಡ್ಡು ಹೇಗೆ ಕೇಳಬೇಕು ಅಂತ ನನಗಂತೂ ಯಾವ ಕ್ಲಾಸಿನಲ್ಲೂ ಹೇಳಿಕೊಡಲಿಲ್ಲ. ಅದನ್ನು ಪೆಟ್ಟು ತಿಂದೇ ಕಲಿತೆ. ನೀವು ಹಾಗೆ ಕಲಿಯುವುದು ಬೇಡ ಅಂತ ಈ ಮಾತು.

ನಮ್ಮದು ಸಣ್ಣ ಊರು. ಬರುವವರೆಲ್ಲ ಗುರುತಿನವರೇ. ಅಂಗಡಿ ಶುರು ಮಾಡಿದ ಹೊಸತರಲ್ಲಿ ನನಗೆ ಶಾಲೆಯಲ್ಲಿ ಪಾಠ ಹೇಳಿದ ಅಕ್ಕೋರು ಐಬ್ರೋ ಮಾಡಿಸಲು ಬಂದರು. ಮುಗಿದ ಮೇಲೆ ಪರ್ಸು ತೆಗೆದು "ಎಷ್ಟಾಯ್ತು ತಂಗಿ?" ಅಂದರು. ನಾನು "ಇರ್ಲಿ ಅಕ್ಕೋರೆ, ನಿಮಗೆ ತೋಚಿದಷ್ಟು ಕೊಡಿ" ಅಂದೆ. ಅವರು 10 ರೂಪಾಯಿ ಕೊಟ್ಟರು. ಆಗ ನನ್ನ ರೇಟು 20 ಇತ್ತು. ಅವರದ್ದೇನೂ ತಪ್ಪಿಲ್ಲ, ಅಲ್ವಾ? ಅವರಿಗೆ ರೇಟು ಗೊತ್ತಿರಲಿಲ್ಲ, ನಾನು ಹೇಳಲಿಲ್ಲ. ಆದರೆ ಬೆಂಚಿನ ಮೇಲೆ ಕೂತು ಕಾಯುತ್ತಿದ್ದ ಇನ್ನೊಬ್ಬರು ಅದನ್ನು ನೋಡಿದರು. ಅವರ ಹತ್ತಿರ 20 ಕೇಳಿದಾಗ ಅವರ ಮುಖ ಸಣ್ಣದಾಯಿತು. ಮುಖ ನೋಡಿ ಮಣೆ ಹಾಕುತ್ತಾಳೆ ಅಂತ ಅವರಿಗೆ ಅನಿಸಿತು. ಅನಿಸಬೇಕಾದದ್ದೇ.

ಆ ವಾರವೇ ರೇಟಿನ ಪಟ್ಟಿ ಬರೆದು ಗೋಡೆಗೆ ಹಾಕಿದೆ. ಬಾಗಿಲ ಹಿಂದೆ ಅಲ್ಲ, ಕುರ್ಚಿಯಲ್ಲಿ ಕೂತವರ ಕಣ್ಣಿಗೆ ಬೀಳುವ ಹಾಗೆ ಕನ್ನಡಿಯ ಪಕ್ಕಕ್ಕೆ. ಅಕ್ಕೋರಿಗೂ ಅದೇ ರೇಟು, ಮೀನುಪೇಟೆಯಿಂದ ಬರುವ ಅಕ್ಕನಿಗೂ ಅದೇ ರೇಟು.

ಆದರೆ ಪಟ್ಟಿ ಹಾಕಿದರೆ ಎಲ್ಲ ಮುಗಿಯಲಿಲ್ಲ. ಒಂದು ದಿನ ಒಬ್ಬರು ಫೇಶಿಯಲ್‌ಗೆ ಮಲಗಿದ್ದರು. ಮುಖದ ತುಂಬ ಪ್ಯಾಕು, ಕಣ್ಣಿನ ಮೇಲೆ ಹತ್ತಿ. ನಾನು "ಬ್ಲೀಚೂ ಮಾಡಿಬಿಡಲಾ ಅಕ್ಕ?" ಅಂದೆ. "ಹೂಂ" ಅಂದರು. ಕೂದಲಿನ ತುದಿ ಒಡೆದಿದೆ, ಕತ್ತರಿಸಲಾ ಅಂದೆ. ಅದಕ್ಕೂ "ಹೂಂ". ಎದ್ದ ಮೇಲೆ ಲೆಕ್ಕ ಹೇಳಿದಾಗ ಅವರು ಪರ್ಸಿನ ಒಂದೊಂದೇ ಜಿಪ್ಪು ತೆಗೆದು ಹುಡುಕಲು ಶುರು ಮಾಡಿದರು. 500ರ ನೋಟು, ನೂರರ ನೋಟು, ಆಮೇಲೆ ಮಡಚಿಟ್ಟಿದ್ದ ಹತ್ತರ ನೋಟುಗಳು. ಕೊನೆಗೆ "ಬಸ್ಸಿಗೆ ಒಂದು ಇಪ್ಪತ್ತು ಇಟ್ಕೊಳ್ಳಲಾ ತಂಗಿ?" ಅಂತ ನನ್ನನ್ನೇ ಕೇಳಿದರು. ಆ ಪ್ರಶ್ನೆ ನನ್ನ ಎದೆಗೆ ನಾಟಿತು. ಕಣ್ಣು ಮುಚ್ಚಿ ಮಲಗಿದವರ ಹತ್ತಿರ ರೇಟು ಹೇಳದೆ ಹೂಂ ಅನ್ನಿಸಿಕೊಂಡದ್ದು ನನ್ನ ತಪ್ಪು. ಮಲಗಿದವರು ಪಟ್ಟಿ ಓದುವುದು ಎಲ್ಲಿಂದ? ಈಗ ನನ್ನ ಹುಡುಗಿಗೂ ಅದನ್ನೇ ಹೇಳಿಕೊಟ್ಟಿದ್ದೇನೆ. "ಬ್ಲೀಚ್ ಮಾಡಲಾ?" ಅಂತ ಕೇಳಬೇಡ. "ಬ್ಲೀಚಿಗೆ ಇನ್ನೂ ಇಷ್ಟಾಗುತ್ತದೆ, ಮಾಡಲಾ?" ಅಂತ ಕೇಳು. ಸ್ಟ್ರೇಟ್ನಿಂಗ್ ಇದ್ದರೆ ಕೂದಲಿಗೆ ನೀರು ಹಾಕುವ ಮುಂಚೆ ಉದ್ದ ನೋಡು, ದಪ್ಪ ನೋಡು, ರೇಟು ಹೇಳು. ಬೇಡ ಅನ್ನುವವರು ಅಲ್ಲೇ ಬೇಡ ಅನ್ನಲಿ.

ಇನ್ನು ಮದುವೆಯ ಮೇಕಪ್. ನಮ್ಮ ವರ್ಷದ ಗಳಿಕೆಯಲ್ಲಿ ದೊಡ್ಡ ಪಾಲು ಇದರದ್ದೇ. ದುಡ್ಡು ಮುಳುಗುವುದೂ ಇಲ್ಲೇ.

ಹೊನ್ನಾವರ ಕಡೆಯ ಒಂದು ಹಳ್ಳಿಯಲ್ಲಿ ಮದುವೆ. ಒಂಬತ್ತು ಗಂಟೆಗೆ ಮುಹೂರ್ತ. ಬೆಳಗಿನ ಜಾವ ಮೂರೂವರೆಗೆ ರಿಕ್ಷಾ ಮಾಡಿಸಿಕೊಂಡು ಹೋದೆ. ಮದುಮಗಳಿಗೆ ಮೇಕಪ್, ಜಡೆ, ಸೀರೆ. ಆಮೇಲೆ ಅವಳ ತಂಗಿ, ಅತ್ತಿಗೆ, ಸೋದರತ್ತೆ, ಒಬ್ಬರಾದ ಮೇಲೆ ಒಬ್ಬರು ಬಂದು ಕೂತರು. ಎಂಟೂವರೆಗೆ ಕೆಲಸ ಮುಗಿಯಿತು. ಜಡೆಗೆ ಮಲ್ಲಿಗೆ ದಂಡೆ ಮುಡಿಸಿ ಪಿನ್ನು ಸಿಕ್ಕಿಸುವ ಹೊತ್ತಿಗೆ ಚಪ್ಪರದಲ್ಲಿ ಓಲಗ ಶುರುವಾಯಿತು. ಹುಡುಗಿಯ ಅಮ್ಮ ಕಣ್ಣು ತುಂಬಿಕೊಂಡು ಮಗಳನ್ನು ನೋಡುತ್ತಾ ನಿಂತಿದ್ದರು. ಆ ಹೊತ್ತಿನಲ್ಲಿ "ಅಮ್ಮಾ, ಬಾಕಿ ದುಡ್ಡು" ಅಂತ ಯಾವ ಬಾಯಲ್ಲಿ ಕೇಳಲಿ? ಅಪ್ಪ ಬೀಗರ ಹತ್ತಿರ. ಅಣ್ಣ ಅಡುಗೆ ಮನೆಯಲ್ಲಿ. ಮೇಕಪ್ ಪೆಟ್ಟಿಗೆ ಹಿಡಿದುಕೊಂಡು ಅರ್ಧ ಗಂಟೆ ಕಂಬಕ್ಕೆ ಒರಗಿ ನಿಂತೆ. ಯಾರೋ "ಊಟ ಮಾಡಿಕೊಂಡು ಹೋಗೇ ಮಾರಾಯ್ತಿ" ಅಂದರು. ಊಟ ಮಾಡಿ ಬಂದೆ. ಬಾಕಿ 6,000 ರೂಪಾಯಿ ಕೈಗೆ ಸೇರಲು ನಾಲ್ಕು ತಿಂಗಳು ಹಿಡಿಯಿತು. ತಂಗಿ, ಅತ್ತಿಗೆ, ಸೋದರತ್ತೆಗೆ ಮಾಡಿದ ಕೆಲಸಕ್ಕೆ ಒಂದು ರೂಪಾಯಿಯೂ ಬರಲಿಲ್ಲ. ಅವರು ಕೆಟ್ಟ ಜನ ಅಲ್ಲವೇ ಅಲ್ಲ. ಮದುವೆ ಮುಗಿದ ಮನೆಯಲ್ಲಿ ಶಾಮಿಯಾನದವರು, ಅಡುಗೆಯವರು, ಫೋಟೋದವರು ಎಲ್ಲರೂ ಸಾಲಾಗಿ ನಿಂತಿರುತ್ತಾರೆ. ಸುಮ್ನೆ ನಿಂತವರ ಪಾಳಿ ಕೊನೆಗೆ.

ಅದಾದ ಮೇಲೆ ನಾನು ಕ್ರಮ ಬದಲಿಸಿದೆ. ದಿನ ಗೊತ್ತು ಮಾಡುವಾಗ ಮೂರನೇ ಒಂದು ಭಾಗ ಅಡ್ವಾನ್ಸ್. ಅಡ್ವಾನ್ಸ್ ಬರುವ ತನಕ ಡೈರಿಯಲ್ಲಿ ಆ ದಿನ ಪೆನ್ಸಿಲ್‌ನಲ್ಲಿ ಇರುತ್ತದೆ, ಬಂದ ಮೇಲೆ ಪೆನ್ನಿನಲ್ಲಿ. ಬಾಕಿಯೆಲ್ಲ ಮದುವೆಯ ಹಿಂದಿನ ಸಂಜೆಯೊಳಗೆ. ಮದುಮಗಳಲ್ಲದೆ ಇನ್ನೆಷ್ಟು ಜನಕ್ಕೆ ಮಾಡಬೇಕು, ತಲೆಗೆ ಎಷ್ಟು, ಹೋಗಿ ಬರುವ ರಿಕ್ಷಾ ಖರ್ಚು ಯಾರದ್ದು, ಎಲ್ಲವನ್ನೂ ವಾಟ್ಸಾಪ್‌ನಲ್ಲಿ ಕನ್ನಡದಲ್ಲೇ ಬರೆದು ಕಳಿಸುತ್ತೇನೆ. ಅವರು "ಸರಿ" ಅಂತ ಒಂದು ಮಾತು ಬರೆದರೆ ಸಾಕು. ಮೊದಲ ಸಲ ಹೀಗೆ ಹೇಳುವಾಗ ಗಂಟಲು ಒಣಗಿತ್ತು. ಆಚೆಯವರು "ಹಂಗಾದ್ರೆ ಒಳ್ಳೇದೇ ಆಯ್ತು, ಆ ದಿನ ಒಂದು ತಲೆಬಿಸಿ ಕಮ್ಮಿ" ಅಂದರು. ಅವರಿಗೂ ಬೇಕಾದದ್ದು ಅದೇ ಆಗಿತ್ತು.

ಅಡ್ವಾನ್ಸ್ ತೆಗೆದುಕೊಂಡ ಮೇಲೆ ಅದನ್ನು ಯಾವಾಗ ವಾಪಸ್ ಕೊಡಬೇಕು ಅಂತಲೂ ಮೊದಲೇ ಹೇಳಬೇಕು. ಅವರೇ ಕೊನೆ ಗಳಿಗೆಯಲ್ಲಿ ಬೇರೆಯವರನ್ನು ಗೊತ್ತು ಮಾಡಿಕೊಂಡರೆ ನಾನು ವಾಪಸ್ ಕೊಡುವುದಿಲ್ಲ. ಆ ದಿನಕ್ಕೆ ಬೇರೆ ಕೆಲಸ ಬಿಟ್ಟಿರುತ್ತೇನಲ್ಲ. ಸಾವು ನೋವು ಆದರೆ ಪೂರ್ತಿ ವಾಪಸ್. ನನಗೇ ಹೋಗಲು ಆಗದಿದ್ದರೂ ಪೂರ್ತಿ ವಾಪಸ್. 2024ರ ಜುಲೈ 16ರಂದು ಅಂಕೋಲಾ ದಾರಿಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದಾಯಿತಲ್ಲ, ಆ ವಾರ ಅಂಕೋಲಾದಲ್ಲಿ ಒಂದು ತೊಟ್ಟಿಲ ಕಾರ್ಯಕ್ಕೆ ನಾನು ಹೋಗಬೇಕಿತ್ತು. ಎಷ್ಟೋ ಮನೆಗಳಲ್ಲಿ ಜನವೇ ಹೋದ ಹೊತ್ತು ಅದು. ಫೋನ್ ಮಾಡಿ, ಮಾತು ಮುಗಿಯುವುದರೊಳಗೆ ದುಡ್ಡು ಹಾಕಿಬಿಟ್ಟೆ. ಅದರಲ್ಲಿ ಲೆಕ್ಕ ಹಾಕುವುದು ಏನೂ ಇರಲಿಲ್ಲ.

ಈಗ ಸ್ಕ್ಯಾನರ್ ವಿಷಯಕ್ಕೆ ಬರುತ್ತೇನೆ. ದೇಶದಲ್ಲಿ ಯುಪಿಐ ಬಂದದ್ದು 2016ರಲ್ಲಿ, ನನ್ನ ಅಂಗಡಿಗೆ ಬಂದದ್ದು ಕೊರೊನಾ ಆದ ಮೇಲೆ. ಚಿಲ್ಲರೆಯ ರಗಳೆ ತಪ್ಪಿತು ಅಂತ ಖುಷಿಯಾಯಿತು. ಖಾತೆಯಿಂದ ಖಾತೆಗೆ ಬರುವ ಯುಪಿಐ ದುಡ್ಡಿಗೆ 2020ರ ಜನವರಿಯಿಂದ ಅಂಗಡಿಯವರಿಗೆ ಕಮಿಷನ್ನೂ ಇಲ್ಲ. ಹಾಗಾಗಿ "ಫೋನ್‌ಪೇ ಮಾಡಿದರೆ ಐದು ರೂಪಾಯಿ ಜಾಸ್ತಿ" ಅಂತ ದಯವಿಟ್ಟು ಯಾರೂ ಕೇಳಬೇಡಿ.

ನಮ್ಮ ಕಡೆಯ ಕಷ್ಟ ಬೇರೆ. ಜೂನ್ ಬಂತು ಅಂದರೆ ಮಳೆ, ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ. ಒಂದು ಸಂಜೆ ಹೀಗೇ ಮಳೆ ಹೊಯ್ಯುತ್ತಿತ್ತು. ಒಬ್ಬ ಹುಡುಗಿ ಹೇರ್‌ಕಟ್ ಮಾಡಿಸಿಕೊಂಡು ತನ್ನ ಮೊಬೈಲ್‌ನಲ್ಲಿ ಹಸಿರು ಟಿಕ್ ತೋರಿಸಿದಳು. ಸೌಂಡ್ ಬಾಕ್ಸ್ ಮಾತಾಡಲಿಲ್ಲ. ನೆಟ್‌ವರ್ಕ್ ಇಲ್ಲ ಅಂತ ನಾನೂ ಬಿಟ್ಟೆ. ಆ ದುಡ್ಡು ಇವತ್ತಿನವರೆಗೂ ಬಂದಿಲ್ಲ. ಬರೀ ಹಸಿರು ಟಿಕ್ ತೋರಿಸುವ ಸುಳ್ಳು ಆ್ಯಪ್‌ಗಳು ಇವೆ ಅಂತ ಆಮೇಲೆ ಗೊತ್ತಾಯಿತು. ಅವರ ಮೊಬೈಲ್ ನೋಡಬೇಡಿ, ನಿಮ್ಮದನ್ನು ನೋಡಿ. ಸೌಂಡ್ ಬಾಕ್ಸ್ ಹೇಳಬೇಕು, ಇಲ್ಲಾ ನಿಮ್ಮ ಖಾತೆಯಲ್ಲಿ ಕಾಣಬೇಕು.

ಇದಕ್ಕೆ ಇನ್ನೊಂದು ಬದಿಯೂ ಇದೆ. ಅದೇ ಮಳೆಗಾಲದಲ್ಲಿ ಇನ್ನೊಬ್ಬರ ಖಾತೆಯಿಂದ 800 ರೂಪಾಯಿ ಹೋಯಿತು, ನನಗೆ ಬರಲಿಲ್ಲ. ಒಮ್ಮೆ ಮೋಸ ಹೋದವಳು ನಾನು, ಹಾಗಾಗಿ ಕ್ಯಾಶ್ ಕೊಡಿ ಅಂತ ಹಟ ಹಿಡಿದೆ. ಪಾಪ, ಕೊಟ್ಟು ಹೋದರು. ಎರಡು ದಿನ ಬಿಟ್ಟು ಅವರ ದುಡ್ಡು ಅವರ ಖಾತೆಗೆ ತಾನಾಗಿ ವಾಪಸ್ ಬಂತು. ಇದಕ್ಕೆ ರಿಸರ್ವ್ ಬ್ಯಾಂಕ್ 2019ರಲ್ಲೇ ನಿಯಮ ಮಾಡಿದೆ. ಅಂಗಡಿಗೆ ಕಳಿಸಿದ ಯುಪಿಐ ದುಡ್ಡು ಮಧ್ಯದಲ್ಲಿ ಸಿಕ್ಕಿಹಾಕಿಕೊಂಡರೆ 5 ದಿನದೊಳಗೆ ಕಳಿಸಿದವರ ಖಾತೆಗೆ ವಾಪಸ್ ಹೋಗಬೇಕು. ಅದು ಮೀರಿದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು. ಈಗ ಹಾಗಾದರೆ ನಾನು ಗಿರಾಕಿಗೆ ಇದನ್ನೇ ವಿವರಿಸಿ ಹೇಳುತ್ತೇನೆ. ಅವರ ಕೈಯಲ್ಲಿ ಕ್ಯಾಶ್ ಇಲ್ಲದಿದ್ದರೆ ಪುಸ್ತಕದಲ್ಲಿ ಬರೆದುಕೊಂಡು ಕಳಿಸುತ್ತೇನೆ.

ಕಾರವಾರದ ಕಡೆಯವರಿಗೆ ಒಂದು ಎಚ್ಚರಿಕೆ. ನನ್ನ ಗೆಳತಿಯೊಬ್ಬಳಿಗೆ ಫೋನ್ ಬಂತು. ತಾನು ಸೈನ್ಯದವನು, ಹೆಂಡತಿಗೆ ಮೇಕಪ್ ಮಾಡಬೇಕು, ಅಡ್ವಾನ್ಸ್ ಕಳಿಸುತ್ತೇನೆ ಅಂತ ಹಿಂದಿಯಲ್ಲಿ ಬಹಳ ಮರ್ಯಾದೆಯಿಂದ ಮಾತಾಡಿದ. ಆಮೇಲೆ ಒಂದು ಕ್ಯೂಆರ್ ಕೋಡ್ ಕಳಿಸಿ, ಇದನ್ನು ಸ್ಕ್ಯಾನ್ ಮಾಡಿ ಪಿನ್ ಹಾಕಿ, ದುಡ್ಡು ಬರುತ್ತದೆ ಅಂದ. ಅವಳು ಹಾಕಿದಳು. 5,000 ಹೋಯಿತು. ದುಡ್ಡು ಕಳಿಸುವವರು ಮಾತ್ರ ಪಿನ್ ಹಾಕಬೇಕು, ಪಡೆಯುವವರು ಪಿನ್ ಹಾಕುವ ಪ್ರಶ್ನೆಯೇ ಇಲ್ಲ. ಹೀಗೇನಾದರೂ ಆದರೆ ಅಳುತ್ತಾ ಕೂರಬೇಡಿ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯಲು ಅವಕಾಶ ಜಾಸ್ತಿ.

ಖಾತೆಯ ಬಗ್ಗೆ ಒಂದು ಮಾತು. 2025ರ ಜುಲೈನಲ್ಲಿ ನಮ್ಮ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಯುಪಿಐ ಲೆಕ್ಕದ ಮೇಲೆ ತೆರಿಗೆ ನೋಟಿಸ್ ಬಂದದ್ದು ನಿಮಗೆ ನೆನಪಿರಬಹುದು. ಬೆಂಗಳೂರಿನಲ್ಲಿ ಎಷ್ಟೋ ಅಂಗಡಿಯವರು ಸ್ಕ್ಯಾನರ್ ಕಿತ್ತು "ಕ್ಯಾಶ್ ಮಾತ್ರ" ಅಂತ ಚೀಟಿ ಅಂಟಿಸಿದರು. ನಾವೂ ಹೆದರಿದೆವು. ನಾನು ಸ್ಕ್ಯಾನರ್ ಕೀಳಲಿಲ್ಲ, ಖಾತೆ ಬೇರೆ ಮಾಡಿದೆ. ಯಾಕೆಂದರೆ ಅಲ್ಲಿಯ ತನಕ ಅಣ್ಣ ಕಳಿಸಿದ ದುಡ್ಡು, ಚೀಟಿ ದುಡ್ಡು, ಅಂಗಡಿ ದುಡ್ಡು ಎಲ್ಲ ಒಂದೇ ಖಾತೆಗೆ ಬೀಳುತ್ತಿತ್ತು. ಅದನ್ನು ನೋಡಿದವರಿಗೆ ಎಲ್ಲವೂ ನನ್ನ ವ್ಯಾಪಾರವೇ. ನಮ್ಮ ಹಾಗೆ ಸೇವೆ ಕೊಡುವವರಿಗೆ ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಒಂದೆರಡು ಕುರ್ಚಿಯ ಪಾರ್ಲರ್‌ಗೆ ಆ ಮಟ್ಟ ಬಲು ದೂರ. ನೋಂದಣಿ ಇಲ್ಲದವರು ಬಿಲ್ಲಿನಲ್ಲಿ ಜಿಎಸ್‌ಟಿ ಸೇರಿಸುವ ಹಾಗಿಲ್ಲ. ನೋಂದಣಿ ಇರುವ ದೊಡ್ಡ ಪಾರ್ಲರ್‌ಗಳಲ್ಲೂ 2025ರ ಸೆಪ್ಟೆಂಬರ್ 22ರಿಂದ ಅದು ಶೇಕಡಾ 18ರಿಂದ 5ಕ್ಕೆ ಇಳಿದಿದೆ. ಖಾತೆ ಬೇರೆ ಮಾಡಿದ್ದರಿಂದ ನನಗೆ ಇನ್ನೊಂದು ಅನುಕೂಲವೂ ಆಯಿತು. ಹೊಸ ಕುರ್ಚಿಗೆ ಮುದ್ರಾ ಸಾಲ ಕೇಳಲು ಹೋದಾಗ ತೋರಿಸಲು ಕೈಯಲ್ಲಿ ಲೆಕ್ಕ ಇತ್ತು.

ಕೊನೆಗೆ ಉದ್ರಿ. "ಉದ್ರಿ ಕೇಳಬೇಡಿ" ಅಂತ ಬೋರ್ಡ್ ಹಾಕು ಅಂತ ನನಗೆ ಎಷ್ಟೋ ಜನ ಹೇಳಿದರು. ನಾನು ಹಾಕಿಲ್ಲ, ಹಾಕುವುದೂ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಬಂದರಿನ ಮನೆಗಳಲ್ಲಿ ಕೈ ಬಿಗಿಯಾಗಿರುತ್ತದೆ. ಘಟ್ಟದ ಮೇಲಿನ ತೋಟದವರಿಗೆ ಅಡಿಕೆ ವಿಕ್ರಿಯಾದಾಗಲೇ ದುಡ್ಡು. ನಮ್ಮ ಜಿಲ್ಲೆಯಲ್ಲಿ ದುಡ್ಡಿಗೂ ಕಾಲ ಇದೆ. ಅದು ಗೊತ್ತಿದ್ದೂ ವರ್ಷವಿಡೀ ಬಂದ ಅಕ್ಕನಿಗೆ ಜುಲೈನಲ್ಲಿ ಬಾಗಿಲು ತೋರಿಸಲು ನನ್ನಿಂದಾಗದು. ಆದರೆ ಉದ್ರಿಯನ್ನೂ ಕುರ್ಚಿಯಲ್ಲಿ ಕೂರುವ ಮುಂಚೆಯೇ ಮಾತಾಡಬೇಕು. 500ಕ್ಕಿಂತ ಮೇಲೆ ಇಲ್ಲ. ಪುಸ್ತಕದಲ್ಲಿ ಅವರೆದುರೇ ಬರೆದು ಅವರ ಸಹಿ ಹಾಕಿಸುತ್ತೇನೆ. ಕೊಡುವ ದಿನವನ್ನು ಅವರ ಬಾಯಿಂದಲೇ ಹೇಳಿಸುತ್ತೇನೆ. "ಬೋಟ್ ಹೋದ್ಮೇಲೆ ಕೊಡ್ತೆ" ಅಂದರೆ ಹಾಗೆಯೇ ಬರೆಯುತ್ತೇನೆ. ಆಗಸ್ಟ್‌ನಲ್ಲಿ ಅವರೇ ಬಂದು ತಮ್ಮ ಸಹಿಯ ಮೇಲೆ ಗೀಟು ಎಳೆಸಿಕೊಂಡು ಹೋಗುತ್ತಾರೆ.

ಇನ್ನೊಂದನ್ನು ಹೇಳಲೇಬೇಕು. ಮೊದಲೆಲ್ಲ ಗಿರಾಕಿಗಳು ಖುಷಿಯಾದರೆ ನನ್ನ ಹುಡುಗಿಯ ಕೈಗೆ ಹತ್ತೋ ಇಪ್ಪತ್ತೋ ಇಟ್ಟು ಹೋಗುತ್ತಿದ್ದರು. ಸ್ಕ್ಯಾನರ್ ಬಂದ ಮೇಲೆ ಅದೂ ನನ್ನ ಖಾತೆಗೇ ಬೀಳತೊಡಗಿತು. 270ರ ಕೆಲಸಕ್ಕೆ 300 ಹಾಕಿ "ಬಾಕಿ ಆ ಹುಡುಗಿಗೆ" ಅಂದು ಹೋಗುತ್ತಾರೆ. ಸುಮಾರು ದಿನ ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಅವಳು ಬಾಯಿ ಬಿಟ್ಟು ಕೇಳಲೂ ಇಲ್ಲ. ನಾನು ಅಕ್ಕೋರ ಎದುರು ಕೇಳದೆ ನಿಂತಿದ್ದೆನಲ್ಲ, ಹಾಗೆಯೇ. ಈಗ ಪುಸ್ತಕದಲ್ಲಿ ಅವಳದ್ದೇ ಒಂದು ಸಾಲು ಇದೆ. ಸಂಜೆ ಅಂಗಡಿ ಗುಡಿಸುವ ಮುಂಚೆ ಅವಳೇ ಕೂಡಿ ಹೇಳುತ್ತಾಳೆ, ನಾನು ಗಲ್ಲೆಯಿಂದ ಎಣಿಸಿ ಕೊಡುತ್ತೇನೆ. ಏಳು ಗಂಟೆಗೆ ದಿನದ ಉಳಿತಾಯ ಕಟ್ಟಿಸಿಕೊಳ್ಳುವ ಪಿಗ್ಮಿಯವರು ಬರುತ್ತಾರೆ. ಅವಳು ಆ ದುಡ್ಡನ್ನು ಅವರ ಕೈಗೆ ಕೊಟ್ಟು, ಚೀಟಿ ಇಸಿದುಕೊಂಡು, ಬಸ್ಸಿಗೆ ಓಡುತ್ತಾಳೆ.

ನಮಸ್ಕಾರ.