ಪ್ರಾಂತ್ಯದ ಶಾಸನಸಭೆಯಿಂದ ಮಾಸ್ಕೋವರೆಗೆ: ವಿಜಯಲಕ್ಷ್ಮಿ ಪಂಡಿತ್

[ತೆರೆಯ ಮೇಲೆ: ವಿಶ್ವಸಂಸ್ಥೆಯ ಮಹಾಸಭೆ, ಹಳೆಯ ಚಿತ್ರ]

ನಮಸ್ಕಾರ. 1946ರ ಡಿಸೆಂಬರ್, ನ್ಯೂಯಾರ್ಕ್. ನಮಗಿನ್ನೂ ಸ್ವಾತಂತ್ರ್ಯ ಬಂದಿಲ್ಲ. ಆದರೂ ಭಾರತದ ನಿಯೋಗ ದಕ್ಷಿಣ ಆಫ್ರಿಕಾವನ್ನು ಕಟಕಟೆಗೆ ಎಳೆದಿದೆ. ಅಲ್ಲಿನ ಭಾರತೀಯರು ಎಲ್ಲಿ ಜಾಗ ಕೊಳ್ಳಬೇಕು, ಎಲ್ಲಿ ವಾಸ ಮಾಡಬೇಕು ಅಂತ ಗೆರೆ ಎಳೆಯುವ ಕಾನೂನು ಆ ವರ್ಷವೇ ಬಂದಿತ್ತು. ಅದು ತಮ್ಮ ಮನೆ ವಿಷಯ, ಬೇರೆಯವರು ತಲೆ ಹಾಕುವಂತಿಲ್ಲ ಅನ್ನುವುದು ಅಲ್ಲಿನ ಪ್ರಧಾನಿ ಸ್ಮಟ್ಸ್ ವಾದ. ಬ್ರಿಟನ್, ಅಮೆರಿಕ ಎರಡೂ ಅವರ ಕಡೆ.

ನಮ್ಮ ನಿಯೋಗದ ನಾಯಕಿ ವಿಜಯಲಕ್ಷ್ಮಿ ಪಂಡಿತ್. ನಿರ್ಣಯ ಗೆಲ್ಲಲು ಮೂರನೇ ಎರಡು ಬಹುಮತ ಬೇಕು. ಪರವಾಗಿ 32, ವಿರುದ್ಧ 15, ತಟಸ್ಥ 7. ಲೆಕ್ಕ ಹಾಕಿ ನೋಡಿ: ಪರ ಇದ್ದ ಒಂದೇ ಒಂದು ದೇಶ ಆ ಕಡೆ ವಾಲಿದ್ದರೂ ನಿರ್ಣಯ ಬಿದ್ದುಹೋಗುತ್ತಿತ್ತು!

[ತೆರೆಯ ಮೇಲೆ: ಸಂಯುಕ್ತ ಪ್ರಾಂತ್ಯದ ನಕ್ಷೆ]

ಮತ ಕೂಡಿಸುವ ಈ ವಿದ್ಯೆ ಅವರಿಗೆ ಹೊಸದಲ್ಲ. 1937ರಲ್ಲೇ ಕಾನ್ಪುರ ಕಡೆಯಿಂದ ಗೆದ್ದು ಸಂಯುಕ್ತ ಪ್ರಾಂತ್ಯದ, ಅಂದರೆ ಇಂದಿನ ಉತ್ತರ ಪ್ರದೇಶದ, ಶಾಸನಸಭೆ ಸೇರಿದ್ದರು. ಸಿಕ್ಕ ಖಾತೆ ಸ್ಥಳೀಯ ಆಡಳಿತ ಮತ್ತು ಆರೋಗ್ಯ. ಕುಡಿಯುವ ನೀರು, ಚರಂಡಿ, ಕಾಲರಾ ಇವೇ ಕೆಲಸ. 1939ರಲ್ಲಿ ಕಾಂಗ್ರೆಸ್ ಸರ್ಕಾರಗಳೆಲ್ಲ ರಾಜೀನಾಮೆ ಕೊಟ್ಟವು, ಆಮೇಲೆ ಮತ್ತೆ ಜೈಲು. 1944ರಲ್ಲಿ ಗಂಡ ತೀರಿಕೊಂಡರು. ಮೂವರು ಹೆಣ್ಣುಮಕ್ಕಳು, ಗಂಡು ಮಗ ಇಲ್ಲ. ಅಂದಿನ ಹಿಂದೂ ಕಾನೂನು ಅಡ್ಡ ಬಂದು ಗಂಡನ ಆಸ್ತಿಯೂ ಕೈತಪ್ಪಿತು. ಮಂತ್ರಿಯಾಗಿದ್ದವರ ಪಾಡೇ ಹೀಗಾದರೆ ಉಳಿದವರ ಗತಿ ಏನು, ಅಲ್ವಾ?

1947ರಲ್ಲಿ ಮಾಸ್ಕೋಗೆ ಮೊದಲ ರಾಯಭಾರಿಯಾಗಿ ಹೋದರು. ವಿಶ್ವಸಂಸ್ಥೆಯಲ್ಲಿ ನಮಗೇ ಮತ ಹಾಕಿದ್ದ ಸೋವಿಯತ್ ದೇಶ ಅದು. ಆದರೆ ಅವರು ಅಲ್ಲಿದ್ದಷ್ಟು ಕಾಲವೂ ಸ್ಟಾಲಿನ್ ಭೇಟಿ ಕೊಡಲೇ ಇಲ್ಲ. ಭಾರತ ಇನ್ನೂ ಬ್ರಿಟಿಷರ ಬಾಲ ಅನ್ನುವ ಗುಮಾನಿ ಅವರಿಗೆ. ಆಮೇಲೆ ಹೋದ ರಾಧಾಕೃಷ್ಣನ್‌ಗೆ, ಹೌದು, ನಮ್ಮ ಮೈಸೂರಲ್ಲಿ ಪಾಠ ಹೇಳಿದ ಮೇಷ್ಟ್ರಿಗೆ, 1950ರಲ್ಲಿ ಬಾಗಿಲು ತೆರೆಯಿತು.

ನೆಹರೂ ತಂಗಿ ಅಂತ ಹುದ್ದೆ ಸಿಕ್ಕಿತು ಅನ್ನುವ ಮಾತು ಆಗಲೂ ಇತ್ತು. ಅದು ಸುಮ್ನೆ ತಳ್ಳಿಹಾಕುವ ಮಾತಲ್ಲ. ಆದರೆ ಸಭೆ, ಚರ್ಚೆ, ಮತದಾನ ಇದ್ದ ಕಡೆಯೆಲ್ಲ ಅವರು ಗೆದ್ದಿದ್ದು ಸ್ವಂತ ಬಲದಿಂದ. ಬಾಗಿಲು ಮುಚ್ಚಿದ ಕ್ರೆಮ್ಲಿನ್‌ನಲ್ಲಿ, ಅಂದರೆ ಮಾಸ್ಕೋದ ಅಧಿಕಾರ ಕೇಂದ್ರದಲ್ಲಿ, ಆ ವಿದ್ಯೆ ನಡೆಯಲಿಲ್ಲ, ಅಷ್ಟೇ.

ಮುಂದೆ ವಾಷಿಂಗ್ಟನ್. 1953ರಲ್ಲಿ ಮಹಾಸಭೆಯ ಅಧ್ಯಕ್ಷೆ, ಆ ಪೀಠದಲ್ಲಿ ಕುಳಿತ ಮೊದಲ ಮಹಿಳೆ. 1954ರಿಂದ 1961ರವರೆಗೆ ಲಂಡನ್‌ನಲ್ಲಿ ಹೈಕಮಿಷನರ್. ತುರ್ತು ಪರಿಸ್ಥಿತಿ ಸಡಿಲವಾದ ಮೇಲೆ, 1977ರ ಚುನಾವಣೆಯಲ್ಲಿ ಮತ್ತೆ ವೇದಿಕೆ ಹತ್ತಿದರು. ಈ ಸಲ ಅಣ್ಣನ ಮಗಳು ಇಂದಿರಾ ವಿರುದ್ಧ.